ಅಡುಗೆಮನೆ ಕಪಾಟು: ಚೀನಾದಿಂದ ತರಿಸುವುದೋ, ಊರ ಆಚಾರಿಗೆ ಕೊಡುವುದೋ?

ಚೀನಾದ ಕೊಟೇಶನ್ ಅಗ್ಗವಾಗಿ ಕಾಣುವುದು ಅದು ಬರೀ ಕಾರ್ಖಾನೆಯ ಬೆಲೆ ಆಗಿರುವುದರಿಂದ. ಹಡಗು ಬಾಡಿಗೆ, ವಿಮೆ ಸೇರಿಸಿದ ಮೊತ್ತಕ್ಕೆ ಕಸ್ಟಮ್ಸ್ ಸುಂಕ, ಆ ಸುಂಕವೂ ಸೇರಿದ ಮೊತ್ತಕ್ಕೆ ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಮೇಲೆ ಮಂಗಳೂರಿನ ಪಣಂಬೂರು ಬಂದರಿನ ಶುಲ್ಕ, ಏಜೆಂಟ್, ಲಾರಿ. ಒಂದು ಮನೆಯ ಸಾಮಾನಿಗೆ ಕಂಟೇನರ್ ತುಂಬುವುದೂ ಇಲ್ಲ, ಹಾಗಾಗಿ ಸಾಗಣೆ ದುಬಾರಿ. ಬಿಐಎಸ್ ಗುರುತು (ಭಾರತೀಯ ಗುಣಮಟ್ಟದ ಮುದ್ರೆ) ಬೇಕೇ ಎಂದು ಮುಂಗಡ ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟರನ್ನು ಕೇಳಿ.

ಬಾಳಿಕೆಯನ್ನು ನಮ್ಮ ಮಳೆಗಾಲವೇ ತೀರ್ಮಾನಿಸುತ್ತದೆ. ತರಿಸುವ ಕಪಾಟಿನಲ್ಲಿ ಸಾಮಾನ್ಯವಾಗಿರುವ ಎಂಡಿಎಫ್, ಪಾರ್ಟಿಕಲ್ ಬೋರ್ಡ್ (ಮರದ ನಾರು, ಚೂರು ಒತ್ತಿ ಮಾಡಿದ ಹಲಗೆಗಳು) ಕತ್ತರಿಸಿದ ಅಂಚಿನಿಂದ ನೀರು ಹೀರಿ ಸಿಂಕಿನಡಿ ಉಬ್ಬುತ್ತವೆ. ಆಚಾರಿಗಾದರೆ ನೀರು ತಡೆಯುವ ಐಎಸ್ 710 ದರ್ಜೆಯ ಪ್ಲೈವುಡ್, ತುಕ್ಕು ತಡೆಯುವ 304 ದರ್ಜೆಯ ಸ್ಟೀಲ್ ಹಿಂಜ್ ಬೇಕು ಎಂದು ಪಟ್ಟು ಹಿಡಿಯಬಹುದು. ಮಲ್ಪೆ, ಸುರತ್ಕಲ್ ಕಡೆಯ ಉಪ್ಪುಗಾಳಿಗೆ ಸಾದಾ ಹಿಂಜ್ ಬೇಗ ತುಕ್ಕು ಹಿಡಿಯುತ್ತದೆ. ಹಲಗೆಯ ಅಂಚು ಮುಚ್ಚುವ ಅಂಚುಪಟ್ಟಿಯ ಕೆಲಸದಲ್ಲಿ ಮಾತ್ರ ಕಾರ್ಖಾನೆಯ ಯಂತ್ರದ್ದೇ ಮೇಲು. ಕೈಯಲ್ಲಿ ಅಂಟಿಸಿದ್ದು ಏಳುತ್ತದೆ.

ಅಳತೆ? ಟೈಲ್ಸ್ ಮುಗಿದ ಮೇಲೆಯೇ ತೆಗೆಯಿರಿ. ಮೂಲೆ ಓರೆಯಿದ್ದರೆ ಆಚಾರಿ ಅಲ್ಲೇ ಕೆತ್ತಿ ಕೂರಿಸುತ್ತಾನೆ. ತರಿಸಿದ್ದಕ್ಕೆ ಎರಡೂ ತುದಿಯಲ್ಲಿ ಗೋಡೆಯ ಸಂದು ಮುಚ್ಚಲು 50 ಮಿ.ಮೀ. ಫಿಲ್ಲರ್ ಪಟ್ಟಿ ಬೇಕು. ಹೆಚ್ಚುವರಿ ಬಾಗಿಲು, ಹಿಂಜ್ ಅದೇ ಆರ್ಡರಿನಲ್ಲಿ ಹಾಕಿ, ಆಮೇಲೆ ಅದೇ ಬಣ್ಣ ಸಿಗದು. ಮೇಲೆ ಹಾಸುವ ಗ್ರಾನೈಟ್ ಇಲ್ಲಿಯದೇ ಸಾಕು.

ಒಂದೇ ಅಳತೆಯ ಹತ್ತಾರು ಫ್ಲಾಟ್ ಕಟ್ಟಿಸುವವರಿಗೆ, ಕಂಟೇನರ್ ತುಂಬುವುದರಿಂದ, ಆಮದು ಗಿಟ್ಟಬಹುದು. ಒಂದೇ ಮನೆ, ಅದೂ ಹಳೆಯ ಓರೆ ಗೋಡೆಯದಾದರೆ ಆಚಾರಿಯೇ ವಾಸಿ.