ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟುವ ಮೊದಲು ಗೋಡೆ ಸೂರಿನ ತನಕ ಇದೆಯಾ ನೋಡಿ

ಕೌನ್ಸೆಲಿಂಗ್ ಸೈಕಾಲಜಿಯಲ್ಲೋ ಎಂಎಸ್‌ಡಬ್ಲ್ಯೂದಲ್ಲೋ ಮೂರನೇ ಸೆಮಿಸ್ಟರಿಗೆ ಬಂದು, ಫೀಲ್ಡ್‌ವರ್ಕ್‌ಗೆ ಜಾಗ ಹುಡುಕುತ್ತ ಇರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಹೇಳುವುದಿಲ್ಲ, ಮೆಸೇಜು ಮಾಡಿ ಕೇಳಬೇಡಿ. ಹೆಸರು ಹೇಳಿದರೆ ಆ ಒಂದು ಬೋರ್ಡು ಇಳಿದು ಪಕ್ಕದ ಬೀದಿಯಲ್ಲಿ ಇನ್ನೊಂದು ಏರುತ್ತದೆ, ಅಷ್ಟೆ. ಅಲ್ಲಿಗೆ ಬಂದವರ ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಓದಿದ್ದು ಜಿಲ್ಲೆಯ ಹೊರಗೆ. ನಮಗೆ 200 ಗಂಟೆ ಫೀಲ್ಡ್‌ವರ್ಕ್ ಇತ್ತು, ಜಾಗ ನೀವೇ ಹುಡುಕಿಕೊಳ್ಳಿ ಅಂದಿದ್ದರು. ಹೊರಡುವ ಮೊದಲು ಕಾಲೇಜು ಕೊಟ್ಟ ತಯಾರಿ ಎಂದರೆ ಒಂದು ಗಂಟೆಯ ಓರಿಯೆಂಟೇಶನ್. ಅದರಲ್ಲಿ ಅರ್ಧ ಗಂಟೆ ಯಾವ ಬಟ್ಟೆ ಹಾಕಬೇಕು, ಗುರುತಿನ ಚೀಟಿ ಎಲ್ಲಿ ಸಿಕ್ಕಿಸಬೇಕು ಎಂಬುದಕ್ಕೆ ಹೋಯಿತು. ಉಳಿದರ್ಧ ಲಾಗ್‌ಬುಕ್ ತುಂಬುವುದು ಹೇಗೆ ಎಂಬುದಕ್ಕೆ. ಆ ಲಾಗ್‌ಬುಕ್ಕಿನಲ್ಲಿ 'ಸೂಪರ್‌ವಿಜನ್' ಅಂತ ಒಂದು ಕಾಲಂ ಇತ್ತು. ಅಲ್ಲಿ ಏನು ಬರೆಯಬೇಕು ಎಂದು ಯಾರೋ ಕೇಳಿದ್ದಕ್ಕೆ, ಅದನ್ನು ಕೊನೆಯಲ್ಲಿ ಒಟ್ಟಿಗೆ ತುಂಬಿಸಿಕೊಂಡರಾಯಿತು ಅಂದರು.

ಆ ಕಾಲಂ ಎಲ್ಲಿಂದ ಬಂತು ಎಂದು ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಕ್ರೆಪ್ ಎಂಬ ಸಂಸ್ಥೆಯ ನಿಯಮದ ಪ್ರಕಾರ ಮೊದಲು 100 ಗಂಟೆಯ ಪ್ರಾಕ್ಟಿಕಮ್ ಅಂದರೆ ಆರಂಭದ ಪ್ರಾಯೋಗಿಕ ತರಬೇತಿ, ಅದರಲ್ಲಿ ಕನಿಷ್ಠ 40 ಗಂಟೆ ನೇರವಾಗಿ ಜನರ ಜೊತೆ. ಅದು ಮುಗಿದ ಮೇಲೆ 600 ಗಂಟೆಯ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ನೇರ ಕೆಲಸ. ಇಷ್ಟೂ ಕಾಲ ವಾರಕ್ಕೆ ಸರಾಸರಿ ಒಂದು ಗಂಟೆ ಸೂಪರ್‌ವೈಸರ್ ಪಕ್ಕದಲ್ಲಿ ಕೂತು ನಿನ್ನ ಕೆಲಸ ನೋಡಲೇಬೇಕು, ಗುಂಪಿನಲ್ಲಿ ಇನ್ನೂ ಒಂದೂವರೆ ಗಂಟೆ. ನಮ್ಮವರು ಅಲ್ಲಿಯದರ ಹಾಗೆ ಕಾಲಂ ಎಳೆದಿದ್ದರು. ಕಾಲಮ್ಮಿನೊಳಗೆ ಇರಬೇಕಾದ ಮನುಷ್ಯರನ್ನು ತರಲಿಲ್ಲ.

ಕಾರವಾರದ ಆ ಕೇಂದ್ರ ಸಿಕ್ಕಿದ್ದು ಸೀನಿಯರ್ ಒಬ್ಬಳ ಮೂಲಕ. 6,500 ರೂಪಾಯಿ 'ತರಬೇತಿ ಶುಲ್ಕ', 200 ಗಂಟೆಯ ಸರ್ಟಿಫಿಕೇಟು. ಸೂಪರ್‌ವೈಸರ್ ಬೆಂಗಳೂರಿನಲ್ಲಿ ಇರುತ್ತಾರೆ, ವಾಟ್ಸಾಪ್‌ನಲ್ಲಿ ಸದಾ ಸಿಗುತ್ತಾರೆ ಅಂದರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಅತ್ತೆ ಮನೆ ಕಾರವಾರದಲ್ಲೇ ಇದೆ, ಊಟ ವಸತಿ ಖರ್ಚಿಲ್ಲ ಎಂಬ ಲೆಕ್ಕವೇ ತಲೆಯಲ್ಲಿತ್ತು.

ಕೇಂದ್ರ ಅಂದರೆ ಒಂದು ಅಂಗಡಿ ಮಳಿಗೆ. ಮುಂದೆ ರಿಸೆಪ್ಶನ್ ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಹಿಂದೆ ಪ್ಲೈವುಡ್ ಹೊಡೆದು ಮಾಡಿದ ಎರಡು ಕೋಣೆ. ಪ್ಲೈವುಡ್ಡು ಸೂರಿನ ತನಕ ಹೋಗಿರಲಿಲ್ಲ, ಮೇಲೆ ಎರಡು ಮೊಳ ಖಾಲಿ. ಎರಡೂ ಕೋಣೆಗೆ ಒಂದೇ ಫ್ಯಾನಿನ ಗಾಳಿ ಬರಲಿ ಎಂದು ಹಾಗೆ ಬಿಟ್ಟಿದ್ದಂತೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ನಾವು ನೀರು ಕೊಡಬಹುದಿತ್ತು. ಆ ಕೋಣೆಯಲ್ಲಿ ಕೂತು, ಬಂದವರಿಗೆಲ್ಲ ನಾನು ಹೇಳುತ್ತಿದ್ದ ಮೊದಲ ಮಾತು: "ನೀವು ಹೇಳಿದ್ದು ಈ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ." ಪುಸ್ತಕದಲ್ಲಿ ಓದಿದ್ದು, ಬಾಯಿಪಾಠ.

ಎರಡು ದಿನ ಫೈಲು ಜೋಡಿಸಿದೆ, ಫೇಸ್‌ಬುಕ್ ಪೇಜಿಗೆ ಪೋಸ್ಟರು ಮಾಡಿದೆ. ಮೂರನೇ ದಿನ ಬೆಳಿಗ್ಗೆ, "ಒಬ್ಬರು ಬಂದಿದ್ದಾರೆ ಮೇಡಂ, ನೋಡಿ" ಅಂದರು. ನನಗೆ ಇಪ್ಪತ್ಮೂರು ವರ್ಷ. ಅದುವರೆಗೆ ಕ್ಲಾಸಿನಲ್ಲಿ ಗೆಳತಿಯ ಎದುರು ಮಾಡಿದ ಎರಡು ರೋಲ್‌ಪ್ಲೇ ಬಿಟ್ಟರೆ ಯಾರ ಎದುರೂ ಕೂತವಳಲ್ಲ. ಅದರಲ್ಲೂ ಗೆಳತಿ ನಗು ತಡೆಯಲಾರದೆ ಎದ್ದು ಹೋಗಿದ್ದಳು.

ಬಂದವರು ನಡುವಯಸ್ಸಿನ ಒಬ್ಬ ಹೆಂಗಸು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಮಾತಾಡಿದ್ದು ಪೂರಾ ಕೊಂಕಣಿ. ಕಾರವಾರದಲ್ಲಿ ಕೆಲಸಕ್ಕೆ ಬರುವವಳಿಗೆ ಇಷ್ಟಾದರೂ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಘಟ್ಟದ ಮೇಲಿನ ನಮಗೆ ಕೊಂಕಣಿ ಕಿವಿಗೆ ಬಿದ್ದಿರುತ್ತದೆ, ಬಾಯಿಗೆ ಬಂದಿರುವುದಿಲ್ಲ. ಹೊರಗೆ ಬಂದು ಹೇಳಿದ್ದಕ್ಕೆ, ರಿಸೆಪ್ಶನ್ನಿನ ಅಕ್ಕ ಒಳಗೆ ಬಂದು ಕೂತರು, ನಾನು ಹೇಳ್ತೇನೆ ಬನ್ನಿ ಎಂದು.

ಆ ಅಕ್ಕ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳುತ್ತೇನೆ. ದಿನಾ ತಮ್ಮ ಡಬ್ಬಿಯ ಮೀನು ಸಾರು ತೋರಿಸಿ, "ಭಟ್ರ ಮನೆ ಹುಡುಗಿಗೆ ಇದು ಆಗೂದಿಲ್ಲ" ಎಂದು ನಗಾಡುತ್ತ ನನಗೆ ಬೇರೆ ಚಹಾ ತರಿಸಿಕೊಡುತ್ತಿದ್ದರು. ಆದರೆ ಅವರು ಬಂದ ಹೆಂಗಸಿನ ಕೇರಿಯ ಪಕ್ಕದ ಕೇರಿಯವರು. ಅದು ನನಗೆ ಆಗ ಗೊತ್ತಿರಲಿಲ್ಲ.

ನನ್ನ ಹತ್ತಿರ ಪಿಎಚ್‌ಕ್ಯೂ–9 ಹಾಳೆ ಇತ್ತು. ಖಿನ್ನತೆ ಎಷ್ಟಿದೆ ಎಂದು ಅಂದಾಜು ಮಾಡಲು ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ್ದು, ಪ್ರತಿಯೊಂದಕ್ಕೂ 0ಯಿಂದ 3. ಕೊನೆಯ, ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಎಂಟರ ತನಕ ಅಕ್ಕ ಕೇಳಿದರು, ಅವರು ಹೇಳಿದರು, ನಾನು ಅಂಕೆಗೆ ಸುತ್ತು ಹಾಕಿದೆ. ಒಂಬತ್ತನೆಯದನ್ನು ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ಅದನ್ನು ಕೇಳಲೇ ಇಲ್ಲ. ನನ್ನ ಕಡೆ ತಿರುಗಿ, "ಅಂಥದ್ದೆಲ್ಲ ಇವರಿಗೆ ಇಲ್ಲ ಮೇಡಂ, ಒಳ್ಳೆ ಮನೆಯವರು" ಅಂದರು.

ಅಷ್ಟರಲ್ಲಿ ಆ ಹೆಂಗಸು ತಾವಾಗಿಯೇ ಏನೋ ಹೇಳಿದರು. ನಾಲ್ಕೈದು ಮಾತು. ಅದರಲ್ಲಿ 'ಜೀವ' ಎಂಬುದೂ 'ನಾಕಾ' ಎಂಬುದೂ ನನ್ನ ಕಿವಿಗೆ ಬಿತ್ತು. ನಾಕಾ ಅಂದರೆ ಬೇಡ ಎನ್ನುವಷ್ಟು ಕೊಂಕಣಿ ನನಗೂ ಬರುತ್ತದೆ. ಏನಂದರು ಎಂದು ಕೇಳಿದೆ.

"ಮನೇಲಿ ಬೇಜಾರಂತೆ."

ನಾನು ಹಾಳೆಯಲ್ಲಿ 0ಗೆ ಸುತ್ತು ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಿದರೆ ಇವತ್ತಿಗೂ ಒಂದೇ ಉತ್ತರ, 3 ಹಾಕಿದ್ದರೆ ಮುಂದೆ ಏನು ಮಾಡಬೇಕು ಎಂದು ಗೊತ್ತಿರಲಿಲ್ಲ. ಹೊರಗೆ ಬಂದು ಬೆಂಗಳೂರಿಗೆ ಫೋನು ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್ ಹಾಕಿದೆ. ಸಂಜೆ ಏಳಕ್ಕೆ ಉತ್ತರ ಬಂತು: ಚೆನ್ನಾಗಿ ಕೇಳಿಸಿಕೊಳ್ಳಿ, ಅನುಭೂತಿ ಇರಲಿ, ನೋಟ್ಸ್ ಬರೆದಿಡಿ. ಕೊನೆಗೆ ಒಂದು ಹೆಬ್ಬೆಟ್ಟಿನ ಚಿತ್ರ. ಆ ಹೆಂಗಸು ಬೆಳಿಗ್ಗೆ ಹನ್ನೊಂದೂವರೆಗೇ ಹೋಗಿಯಾಗಿತ್ತು. ಕೈಗೆ ಒಂದು ನಂಬರು ಸಹ ಕೊಟ್ಟು ಕಳಿಸಿರಲಿಲ್ಲ ನಾನು. 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ. ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇತ್ತು, ಅಲ್ಲಿ ಮನೋವೈದ್ಯರಿದ್ದರು. ಸೇರುವ ಮೊದಲ ದಿನವೇ ಇವೆರಡನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಬೇಕಿತ್ತು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವರು ಮತ್ತೆ ಬರಲಿಲ್ಲ. ವಾರ ಬಿಟ್ಟು ಮೀನು ಮಾರ್ಕೆಟ್ಟಿನ ರಸ್ತೆಯಲ್ಲಿ ಎದುರು ಸಿಕ್ಕರು. ಬದುಕಿದ್ದಾರೆ ಎಂದು ಗೊತ್ತಾಗಿ ನನಗೆ ಕಾಲು ನಡುಗಿತು. ಅವರು ಸೆರಗು ತಲೆ ಮೇಲೆ ಎಳೆದುಕೊಂಡು ಆಚೆ ಬದಿಗೆ ದಾಟಿದರು. ಅಷ್ಟು ಹೊತ್ತಿಗೆ ಅವರು 'ತಲೆ ಡಾಕ್ಟರ' ಹತ್ತಿರ ಹೋಗಿದ್ದು ಕೇರಿಯಲ್ಲಿ ಸುದ್ದಿಯಾಗಿತ್ತು. ಅದನ್ನು ನನಗೆ ಹೇಳಿದ್ದು ಅದೇ ಅಕ್ಕ, ಪಾಪ ಎಂದು ಮರುಗುತ್ತ.

ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ ಅಂದಿದ್ದೆನಲ್ಲ, ಆ ಮಾತು ಇನ್ನೊಂದು ಕಡೆಯಿಂದಲೂ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಡುತ್ತದೆ, ನಿಜ. ಆದರೆ ಜೀವಕ್ಕೆ ಅಪಾಯ ಇದ್ದಾಗ ಅದಕ್ಕೆ ವಿನಾಯಿತಿಯನ್ನೂ ಇಟ್ಟಿದೆ. ಹದಿನೆಂಟು ತುಂಬದ ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಹೇಳಿದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ ಇದೆ. 'ನಾನು ಬರೀ ಸ್ಟೂಡೆಂಟು' ಎಂಬ ವಿನಾಯಿತಿ ಅದರಲ್ಲಿ ಇಲ್ಲ. ನನ್ನ ಜೊತೆಗಿದ್ದ ಇನ್ನೊಬ್ಬಳು ಇಂಟರ್ನ್ ಹೈಸ್ಕೂಲ್ ಹುಡುಗಿಯರಿಗೂ ದೇವರ ಮೇಲೆ ಆಣೆ ಹಾಕಿ ಯಾರಿಗೂ ಹೇಳುವುದಿಲ್ಲ ಅನ್ನುತ್ತಿದ್ದಳು. ಅವಳ ಅದೃಷ್ಟಕ್ಕೆ ಯಾರೂ ಏನೂ ಹೇಳಲಿಲ್ಲ. ಅಥವಾ ಆ ಹುಡುಗಿಯರ ದುರದೃಷ್ಟಕ್ಕೆ.

ಈಗ ನನ್ನದೇ ತಪ್ಪಿನ ವಿಷಯ. ಲಾಗ್‌ಬುಕ್ಕಿನಲ್ಲಿ ಆ ದಿನದ ಎದುರು ನಾನು ಬರೆದಿದ್ದು 'ವೈಯಕ್ತಿಕ ಸಮಾಲೋಚನೆ, 1 ಗಂಟೆ. ಸೂಪರ್‌ವಿಜನ್, 1 ಗಂಟೆ' ಎಂದು. ಸಮಾಲೋಚನೆ ಆಗಿದ್ದು ನಲವತ್ತು ನಿಮಿಷ, ಸೂಪರ್‌ವಿಜನ್ ಆ ಹೆಬ್ಬೆಟ್ಟು. ಮುಂದೆ ಪೋಸ್ಟರು ಮಾಡಿದ ದಿನಗಳನ್ನೂ 'ಜಾಗೃತಿ ಕಾರ್ಯಕ್ರಮ' ಎಂದು ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ಸೀನಿಯರ್ ಹೇಳಿದ್ದಳು. ಅವಳದನ್ನು ನೋಡಿಯೇ ನಾನು ಅಲ್ಲಿಗೆ ಹೋಗಿದ್ದು, ನನ್ನದನ್ನು ನೋಡಿ ಇನ್ನೊಬ್ಬಳು ಹೋಗುತ್ತಿದ್ದಳು.

ಮಾರ್ಕೆಟ್ಟಿನ ರಸ್ತೆಯಲ್ಲಿ ಅವರನ್ನು ಕಂಡ ಮೇಲೆ ಹೆಚ್ಚು ದಿನ ಅಲ್ಲಿ ಇರಲಾಗಲಿಲ್ಲ. ಕಾಲೇಜಿಗೆ ಹೋಗಿ ಎಲ್ಲ ಹೇಳಿದೆ. ಬೈಗುಳ ಸಿಕ್ಕಿತು. ಆದರೆ ಒಬ್ಬ ಮೇಡಂ ಓಡಾಡಿ, ಒಂದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಕೈಕೆಳಗೆ ಮೊದಲಿಂದ ಶುರು ಮಾಡಿಸಿದರು. ಅಲ್ಲಿ ಮೂರು ವಾರ ನನ್ನ ಕೆಲಸ ಮೂಲೆಯ ಸ್ಟೂಲಿನಲ್ಲಿ ಬಾಯಿ ಮುಚ್ಚಿ ಕೂರುವುದು. ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ಡಾಕ್ಟರು ಕೇಳುತ್ತಿದ್ದರು, "ಇವತ್ತಿನ ನಾಲ್ಕನೆಯವರು ಯಾವ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ನೋಡಿದ್ಯಾ?" ನಾನು ನೋಡಿರುತ್ತಿರಲಿಲ್ಲ. ನಿಧಾನಕ್ಕೆ ನೋಡಲು ಬಂತು.

ಒಂಬತ್ತನೇ ಪ್ರಶ್ನೆಯನ್ನು ಅವರು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಾ ಅಂದರು, ದನಿ ನಡುಗದೆ, ಮಾತು ತೇಲಿಸದೆ, ಸಾವು ಎಂಬ ಶಬ್ದವನ್ನೇ ಬಳಸಿ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು, ಕೇಳಿದರೆ ಎಷ್ಟೋ ಜನಕ್ಕೆ ಹೇಳಿಕೊಳ್ಳಲು ದಾರಿಯಾಗುತ್ತದೆ. ವಾರದ ಕೊನೆಗೆ ಊರಿಗೆ ಹೋದಾಗ ಕನ್ನಡಿ ಎದುರು ನಿಂತು, "ಸತ್ತು ಹೋಗಬೇಕು ಅನ್ನಿಸುತ್ತದೆಯಾ?" ಎಂದು ಹೇಳಿಕೊಳ್ಳುತ್ತಿದ್ದೆ. ಅಮ್ಮ ಬಾಗಿಲಲ್ಲಿ ಬಂದು ನಿಂತಳು. "ದೀಪ ಹಚ್ಚೋ ಹೊತ್ತಲ್ಲಿ ಎಂತಾ ಮಾತೇ ಇದು?" ಆ ಅಕ್ಕ ಯಾಕೆ ಆ ಪ್ರಶ್ನೆ ನುಂಗಿದರು ಎಂದು ನನಗೆ ಆಗ ಅರ್ಥವಾಯಿತು.

ನೀವು ಜಾಗ ನೋಡಲು ಹೋದಾಗ ಬೋರ್ಡಿನ ಮೇಲಿನ ಅಕ್ಷರ ನಂಬಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರು ಇರಲೇಬೇಕು, ಕೇಳಿ, ಇದ್ದವರು ಬೇಸರ ಮಾಡಿಕೊಳ್ಳುವುದಿಲ್ಲ. ಕೌನ್ಸೆಲರುಗಳನ್ನು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯೊಳಗೆ ಸೇರಿಸಿದ್ದಾರೆ, ಆದರೆ ನಾನಿದ್ದಷ್ಟು ದಿನ ಆ ಮಳಿಗೆಯ ಬಾಗಿಲಿಗೆ ಬಂದು ನೀವು ಯಾರು ಎಂದು ಕೇಳಿದವರನ್ನು ಕಾಣಲಿಲ್ಲ. ಹಾಗಾಗಿ ನೀವೇ ಕೇಳಬೇಕು. ಸೂಪರ್‌ವೈಸರ್ ಯಾವ ವಾರ, ಎಷ್ಟು ಗಂಟೆಗೆ ನಿಮ್ಮ ಎದುರು ಕೂರುತ್ತಾರೆ? ಅಪಾಯದಲ್ಲಿರುವವರು ಬಂದಾಗ ಆ ಕ್ಷಣಕ್ಕೆ ಫೋನು ಎತ್ತುವವರು ಯಾರು? ಇದಕ್ಕೆ 'ನೋಡೋಣ' ಎಂಬ ಉತ್ತರ ಬಂದರೆ ಚಹಾ ಕುಡಿದು ಎದ್ದು ಬನ್ನಿ. ಬರುವವರ ಭಾಷೆ ಯಾವುದು, ಅದು ನಿಮಗೆ ಬರುತ್ತದಾ, ಬರದಿದ್ದರೆ ನಡುವೆ ಕೂರುವವರು ಯಾರು ಎಂಬುದನ್ನೂ ಕೇಳಿ. ಕಾರವಾರ, ಅಂಕೋಲಾ, ಭಟ್ಕಳದ ಕಡೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ. ಆಮೇಲೆ ಕತ್ತೆತ್ತಿ ಗೋಡೆ ನೋಡಿ.

ಸರ್ಕಾರಿ ಜಾಗ ಸಿಕ್ಕರೆ ಬಿಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ, ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ಪತ್ರ ಕೊಟ್ಟು ಅಲೆಯಬೇಕಾಗುತ್ತದೆ, ಸಹಿಗೆ ಕಾಯಬೇಕಾಗುತ್ತದೆ. ಅಲೆಯಿರಿ.

ದುಡ್ಡು ವಾಪಸು ಕೇಳಿದ್ದೆ. ರಸೀದಿ ಕಾಲೇಜಿನ ಹೆಸರಿಗೆ ಆಗಿದೆ, ಆಗುವುದಿಲ್ಲ ಅಂದರು. ಎರಡು ತಿಂಗಳ ನಂತರ ಊರಿನ ವಿಳಾಸಕ್ಕೆ ಒಂದು ಲಕೋಟೆ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಕೆಳಗೆ ನಾನು ಒಮ್ಮೆಯೂ ಮುಖ ನೋಡದ ಸೂಪರ್‌ವೈಸರ್ ಸಹಿ. 200 ಗಂಟೆ ಯಶಸ್ವಿಯಾಗಿ ಪೂರೈಸಿದ್ದಾಳೆ ಎಂದು ಬರೆದಿದೆ. ನಾನು ಅಲ್ಲಿಗೆ ಹೋಗಿದ್ದು 19 ದಿನ.