ಎಡಗೈಗೆ ಅಂತಲೇ ಮಾಡಿಸಿದ ಕತ್ತಿ: ಆರೇಳು ವರ್ಷ ಬಳಸಿದ ಮೇಲೆ

ಕತ್ತಿಯಲ್ಲೂ ಎಡ, ಬಲ ಇರುತ್ತದೆ ಅನ್ನುವುದು ಬಲಗೈಯವರಿಗೆ ಗೊತ್ತಾಗುವ ಪ್ರಸಂಗವೇ ಬರುವುದಿಲ್ಲ. ಅಂಗಡಿಯಲ್ಲಿ ತೂಗುಹಾಕಿರುವುದೆಲ್ಲ ಅವರ ಕೈಗೇ ಮಾಡಿದ್ದು. ಹೆಚ್ಚುಕಡಿಮೆ ಹತ್ತು ಜನರಲ್ಲಿ ಒಬ್ಬರು ಎಡಚರು ಇರುತ್ತಾರೆ. ಆದರೂ ಸಿರ್ಸಿ ಪೇಟೆಯಲ್ಲಿ ಎಡಗೈ ಕತ್ತಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಹಾಗಾಗಿ ಈ ವಿಮರ್ಶೆ ಮೊದಲು ಎಡಚರಿಗೆ. ಉಳಿದವರೂ ಓದಿ. ಒಳ್ಳೆಯ ಕತ್ತಿ ಹೇಗೆ ಹಾಳಾಗುತ್ತದೆ ಅನ್ನುವ ವಿಷಯ ಮುಂದೆ ಇದೆ, ಅದು ಎಲ್ಲರಿಗೂ ಬೇಕಾದದ್ದು.

ಸೊಪ್ಪು, ಟೊಂಗೆ ಕಡಿಯುವ ಸೊಪ್ಪಿನ ಕತ್ತಿ ಇದು, ಅದರ ಆಕಾರ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಧಾರೆಯನ್ನು ಮಾತ್ರ ನೋಡಿ. ನನ್ನ ಕತ್ತಿ ಮಾಡಿಕೊಟ್ಟ ಆಚಾರಿ ಧಾರೆಯನ್ನು ಒಂದೇ ಮಗ್ಗುಲಿಗೆ ಇಳಿಸುತ್ತಾರೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಇಳಿಜಾರು. ಬಲಗೈಯವರಿಗೆ ಇಳಿಜಾರು ಬಲಕ್ಕೆ ಇರುತ್ತದೆ. ಅದನ್ನೇ ಎಡಗೈಯಲ್ಲಿ ಹಿಡಿದು ಬೀಸಿದರೆ ಟೊಂಗೆಯನ್ನು ಕಚ್ಚುವ ಬದಲು ಜಾರುತ್ತದೆ. ಒಮ್ಮೊಮ್ಮೆ ಅಡ್ಡ ತಿರುಗಿ ಮೊಣಕಾಲಿನ ಕಡೆಗೇ ಬರುತ್ತದೆ. ನನಗೆ ಇಳಿಜಾರು ಎಡಕ್ಕೆ ಬೇಕು. ವ್ಯತ್ಯಾಸ ಇಷ್ಟೇ. ಆದರೆ ಈ ಇಷ್ಟಕ್ಕಾಗಿ ನಾನು ನಲವತ್ತು ದಾಟುವವರೆಗೆ ಕಾಯಬೇಕಾಯಿತು. 'ಎಡಗೈಯಲ್ಲಿ ಬಡಿಸಬೇಡ' ಅಂತ ಮನೆಯಲ್ಲಿ ಗದರಿಸಿಕೊಂಡು ಬೆಳೆದವಳು ನಾನು. ಕೈಯಲ್ಲೇ ಏನೋ ಐಬು ಇದೆ ಅಂತ ನಂಬಿಬಿಟ್ಟಿದ್ದೆ.

ಹಳೇ ಕತ್ತಿಯನ್ನು ತಟ್ಟಿಸಲು ಹೋದಾಗ ಆಚಾರಿ ನಾನು ಅದನ್ನು ಚೀಲದಿಂದ ತೆಗೆದ ರೀತಿ ನೋಡಿದರು. ಮೂಲೆಯಿಂದ ಒಂದು ಹಸಿ ಕೋಲು ತಂದು, ಕಡಿದು ತೋರಿಸಿ ಅಂದರು. ಕಡಿದೆ. ಅವರು ಕೋಲನ್ನು ನೋಡಲೇ ಇಲ್ಲ, ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಅಂಗೈ ಅಗಲವನ್ನು ಒಂದು ಕಡ್ಡಿಯಲ್ಲಿ ಅಳೆದು, ಕಡ್ಡಿಗೆ ಉಗುರಿನಿಂದ ಗುರುತು ಹಾಕಿ ಮಾಡಿಗೆ ಸಿಕ್ಕಿಸಿದರು. 'ಇದನ್ನ ತಟ್ಟಿ ಉಪಯೋಗ ಇಲ್ಲ, ನಿಮಗೆ ಬೇರೆಯದೇ ಮಾಡಬೇಕು' ಅಂದರು. ಆರ್ಡರ್ ಅಂದರೆ ಇಷ್ಟೇ. ಮುಂಗಡ ಕೂಡ ಕೇಳಲಿಲ್ಲ.

ಕೊಟ್ಟದ್ದು 900 ರೂಪಾಯಿ. ಆಗ ಅಂಗಡಿ ಕತ್ತಿ ಅದರ ಮೂರನೇ ಒಂದು ಭಾಗಕ್ಕೆ ಸಿಗುತ್ತಿತ್ತು. ನಮ್ಮದು ಒಂದೂವರೆ ಎಕರೆ ತೋಟ, ಅದರ ಜೊತೆಗೆ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅನ್ನುವುದು ನಮ್ಮ ಜಿಲ್ಲೆಯ ಹಳೇ ಲೆಕ್ಕ. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ. ಕತ್ತಿ ಸೊಂಟಕ್ಕೆ ಏರದ ದಿನವೇ ಇಲ್ಲ. ದಿನಾ ಕೈಗೆ ಬರುವ ವಸ್ತುವಿಗೆ 900 ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ. ವರ್ಷಕ್ಕೆ ಎರಡು ಸಲ ತೆಂಗಿನಕಾಯಿ ಒಡೆಯುವವರಿಗೆ ಖಂಡಿತ ಜಾಸ್ತಿ.

ಮೊದಲ ದಿನ ಬೆಟ್ಟದಲ್ಲಿ ಆದದ್ದು ಸರಿಯಾಗಿ ನೆನಪಿದೆ. ಬೀಸಿದೆ, ಟೊಂಗೆ ಬಿತ್ತು. ಕೈ ನಡುಗಲಿಲ್ಲ, ಕತ್ತಿ ತಿರುಗಲಿಲ್ಲ. ಕಡಿದ ಜಾಗ ನುಣ್ಣಗೆ, ಓರೆಯಾಗಿ, ಸಿಪ್ಪೆ ಒಂದಿಷ್ಟೂ ಸೀಳದೆ ಇತ್ತು. ಹಾಗೆ ಕಡಿದರೆ ಮರಕ್ಕೂ ಒಳ್ಳೆಯದು. ನೀರು ನಿಲ್ಲುವುದಿಲ್ಲ, ಮುಂದಿನ ವರ್ಷ ಅಲ್ಲೇ ಚಿಗುರುತ್ತದೆ. ಸುಮ್ನೆ ಖುಷಿಗೆ ಇನ್ನೂ ಎರಡು ಟೊಂಗೆ ಕಡಿದೆ. ಸಂಜೆ ಹೆಗಲು ನೋಯಲಿಲ್ಲ. ಅಷ್ಟು ವರ್ಷ ನೋಯುತ್ತಿದ್ದದ್ದು ವಯಸ್ಸಿನಿಂದ ಅಲ್ಲ, ಕತ್ತಿಯಿಂದ ಅಂತ ಗೊತ್ತಾಗಿ ಸಿಟ್ಟೂ ಬಂತು.

ಇನ್ನು ಮಸೆಯುವುದು. ಈ ಕತ್ತಿ ಕೊಟ್ಟ ದೊಡ್ಡ ಸುಖ ಇದೇ ಅಂತ ಹೇಳುತ್ತೇನೆ. ಬೆಳಿಗ್ಗೆ ಚಾ ಆದ ಮೇಲೆ ಬಚ್ಚಲ ಹೊರಗೆ ಮಸೆಮಣೆ ಇಟ್ಟುಕೊಂಡು ಕೂರುತ್ತೇನೆ. ಮಣೆ ಅಂದರೆ ಮೆತ್ತನೆ ಮರದ ಹಲಗೆ, ಉಜ್ಜಿ ಉಜ್ಜಿ ನಡುವೆ ಹಳ್ಳ ಬಿದ್ದಿದೆ. ಅದರ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ, ನಾಲ್ಕು ಹನಿ ನೀರು ಹಾಕಿ, ಇಳಿಜಾರಿನ ಬದಿಯನ್ನು ಮಲಗಿಸಿ ಉದ್ದಕ್ಕೆ ಎಳೆಯುವುದು. ಮೊದಲು ಕರ್ ಕರ್ ಅನ್ನುತ್ತದೆ. ಪುಡಿ ನುರಿದು ಮರದೊಳಗೆ ಕೂತ ಹಾಗೆ ಸದ್ದು ಸಣ್ಣದಾಗುತ್ತದೆ, ಆಮೇಲೆ ಸುಯ್ ಅಂತ ಮಾತ್ರ. ಆಗ ಸಾಕು. ಚಪ್ಪಟೆ ಬದಿಗೆ ಒಂದೇ ಒಂದು ಎಳೆತ, ಮಡಚಿಕೊಂಡ ಅಂಚು ಹೋಗಲಿಕ್ಕೆ. ಬೆಣಚುಕಲ್ಲು ಕತ್ತಿಯ ಉಕ್ಕಿಗಿಂತ ಗಟ್ಟಿ, ಅದಕ್ಕೇ ಪುಡಿ ಕೆಲಸ ಮಾಡುತ್ತದೆ. ಪುಡಿಯನ್ನು ಬಟ್ಟೆಯಲ್ಲಿ ಜಾಲಿಸಿ ಇಟ್ಟುಕೊಳ್ಳಿ. ದಪ್ಪ ಕಾಳು ಒಂದಿದ್ದರೂ ಧಾರೆಯಲ್ಲಿ ಗೀರು ಬೀಳುತ್ತದೆ. ಸಾಣೆಕಲ್ಲು ನನ್ನಲ್ಲೂ ಇದೆ, ಆದರೆ ಮಣೆಯ ನುಣುಪು ಅದಕ್ಕೆ ಬರುವುದಿಲ್ಲ.

ಕೆಲಸ ಮುಗಿದ ಮೇಲೆ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಹೊಗೆ ಇದ್ದಲ್ಲಿ ತುಕ್ಕು ಕಡಿಮೆ. ಇದು ಸ್ಟೇನ್‌ಲೆಸ್ ಅಲ್ಲ, ನೆನಪಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ರಾತ್ರಿ ಒದ್ದೆ ಬಿಟ್ಟರೂ ಬೆಳಿಗ್ಗೆ ಕೆಂಪಗಾಗಿರುತ್ತದೆ. ಕುಮಟಾ, ಅಂಕೋಲಾ ಕಡೆ ಸಮುದ್ರದ ಗಾಳಿಗೆ ಇನ್ನೂ ಬೇಗ. ಹಸಿಸೊಪ್ಪು, ಬಾಳೆ ಕಡಿದು ಕಡಿದು ನನ್ನ ಕತ್ತಿಯ ಮೈ ಈಗ ಕಡುನೀಲಿ ಕಪ್ಪು. ಸೊಪ್ಪಿನ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಆ ಕಪ್ಪನ್ನು ತಿಕ್ಕಿ ತೆಗೆಯಬೇಡಿ. ಅದು ಇದ್ದಲ್ಲಿ ತುಕ್ಕು ನಿಧಾನವಾಗಿ ಹಿಡಿಯುತ್ತದೆ.

ಇಷ್ಟರವರೆಗೆ ಹೊಗಳಿಕೆ. ಈಗ ಬೇಸರದ ವಿಷಯ.

ಹಿಡಿ. ಕತ್ತಿಯ ಬಾಲವನ್ನು ಕಾಯಿಸಿ, ತೂತಿನಲ್ಲಿ ಅರಗು ತುಂಬಿ, ಹೊನ್ನೆ ಮರದ ಹಿಡಿಗೆ ಇಳಿಸಿದ್ದಾರೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಮಾರ್ಚ್ ಬಂದರೆ ಒಣಗಿ ಕುಗ್ಗುತ್ತದೆ. ಆಗ ಅರಗು ಬಿಡುತ್ತದೆ, ಹಿಡಿ ಲಟಲಟ ಅನ್ನುತ್ತದೆ. ಪ್ರತಿ ಬೇಸಿಗೆಯಲ್ಲೂ ಇದೇ ಕತೆ. ಮೂರು ವರ್ಷದ ಹಿಂದೆ ಹೀಗೇ ಸಡಿಲಾಯಿತು. ಕುಲುಮೆ ಬಾಗಿಲು ಹಾಕಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ಹಿಡಿ ಮಾತ್ರ ಗಟ್ಟಿ ಮಾಡಿಕೊಡಿ ಅಂತ ಹೇಳಿ ಕೊಟ್ಟು ಬಂದೆ. ಸಂಜೆ ಹೋದರೆ ಹಿಡಿ ಗಟ್ಟಿಯಾಗಿತ್ತು. 'ಧಾರೆಯನ್ನೂ ಮಾಡಿದ್ದೇವೆ, ಅದಕ್ಕೆ ದುಡ್ಡು ಬೇಡ' ಅಂದರು.

ನೋಡಿದರೆ ಗ್ರೈಂಡರ್ ಹಿಡಿದಿದ್ದರು, ಎರಡೂ ಬದಿಗೆ! ಚಪ್ಪಟೆ ಇರಬೇಕಾದ ಬದಿಯಲ್ಲಿ ಹೊಸ ಇಳಿಜಾರು. ಅಂಚಿನ ಉದ್ದಕ್ಕೂ ಬೆರಳಗಲ ನೀಲಿ ಬಣ್ಣ. ನೋಡಲಿಕ್ಕೆ ಚಂದ, ಕತ್ತಿಯ ಮಟ್ಟಿಗೆ ಅದು ಸಾವು. ಉಕ್ಕು ಕಾದ ಹಾಗೆ ಮೈಮೇಲೆ ಬಣ್ಣ ಬದಲಾಗುತ್ತದೆ. ತಿಳಿ ಹಳದಿ ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಆಚಾರಿ ಹಳದಿಯಲ್ಲಿ ನಿಲ್ಲಿಸಿದ ಹದವನ್ನು ಗ್ರೈಂಡರ್ ಕಲ್ಲು ಒಂದೆರಡು ಕ್ಷಣದಲ್ಲಿ ನೀಲಿಗೆ ಮುಟ್ಟಿಸಿಬಿಡುತ್ತದೆ. ಗಡಸು ಹೋಗುತ್ತದೆ. ಮರುದಿನ ಮತ್ತಿ ಟೊಂಗೆಗೆ ಒಂದೇ ಏಟು, ಬಾಯಿ ಮಡಚಿಕೊಂಡಿತು. ನನ್ನ ಕೈಗೆ ಅಂತ ಮಾಡಿದ ಒಂದೇ ಒಂದು ಸಲಕರಣೆಯನ್ನು ಕೇಳದೇ, ಹೇಳದೇ ಎಲ್ಲರ ಕೈಯದ್ದು ಮಾಡಿ ಕೊಟ್ಟಿದ್ದರು. ಆ ಸಂಕಟ ಇವತ್ತಿಗೂ ಕಡಿಮೆಯಾಗಿಲ್ಲ. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ, ನಿಜ. ಆದರೆ ಬೇರೆಯವರ ಕತ್ತಿಯ ಬಾಯಿಗೆ ಕೈ ಹಾಕುವ ಮೊದಲು ಕೇಳಬೇಕು, ಅಲ್ವಾ?

ಈ ಕತ್ತಿಯ ಬಗ್ಗೆ ನನ್ನ ಅಭಿಪ್ರಾಯ ಪಕ್ಕಾ ಆದದ್ದು ಆಮೇಲೆ ನಡೆದ ರಿಪೇರಿಯಿಂದ. ಆಚಾರಿ ಕತ್ತಿಯನ್ನು ತಿರುಗಿಸಿ ನೋಡಿ 'ಸತ್ತಿಲ್ಲ' ಅಂದರು. ನಾನು ಅಲ್ಲೇ ಕೂತು ನೋಡಿದೆ. ಗೆರಟೆ ಇದ್ದಿಲು, ತಿದಿಯ ಬದಲು ಈಗ ಸಣ್ಣ ಬ್ಲೋವರ್. ಕುಲುಮೆಯಲ್ಲಿ ಬೆಳಕು ತೀರಾ ಕಡಿಮೆ. ಅದು ಬಡತನಕ್ಕಲ್ಲ, ಬಣ್ಣ ಕಾಣಲಿಕ್ಕೆ. ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹಿಡಿ ಬಿಚ್ಚಿ, ಕತ್ತಿಯನ್ನು ಕಾಯಿಸಿ, ಮಡಚಿದ ಬಾಯಿಯನ್ನು ತಟ್ಟಿ ತಟ್ಟಿ ಮತ್ತೆ ತೆಳ್ಳಗೆ ಎಳೆದರು. ಚಪ್ಪಟೆ ಬದಿಯನ್ನು ಅಡಿಗಲ್ಲಿಗೆ ಒತ್ತಿ ಸಮ ಮಾಡಿ, ಉಳಿದದ್ದನ್ನು ಅರದಿಂದ ಉಜ್ಜಿದರು. ಆಮೇಲೆ ಹದ. ಬಾಯಿಯ ಭಾಗ ಮಾಗಿದ ಗೋಟಡಿಕೆಯ ಬಣ್ಣಕ್ಕೆ ಬರುವವರೆಗೆ ಕಾದರು. ಆ ಹೊತ್ತಿಗೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ, ಸುಮಾರು 770 ಡಿಗ್ರಿ ದಾಟಿರುತ್ತದೆ. ಅವರ ಹತ್ತಿರ ಅಯಸ್ಕಾಂತವೂ ಇಲ್ಲ, ಥರ್ಮಾಮೀಟರೂ ಇಲ್ಲ. ಬಾಯಿಯನ್ನು ಮಾತ್ರ ಹಳೇ ಎಂಜಿನ್ ಆಯಿಲ್‌ಗೆ ಅದ್ದಿದರು. ಬುಸ್ಸೆಂದು ಬೆಂಕಿ ಎದ್ದಿತು, ಕಮಟು ಹೊಗೆ. ಇದು ಲಾರಿ ಸ್ಪ್ರಿಂಗ್ ಪಟ್ಟಿಯ ಉಕ್ಕು, ನೀರಿಗೆ ಅದ್ದಿದರೆ ಬಿರುಕು ಬಿಡುವ ಭಯ ಇದೆ.

ನಾನು ಮುಗಿಯಿತು ಅಂದುಕೊಂಡೆ. ಅವರು ಕತ್ತಿಯನ್ನು ಮೇಲೆತ್ತಿ, ಕಲ್ಲಿನ ಚೂರಿನಿಂದ ಬಾಯಿಯ ಹತ್ತಿರ ಗಸಗಸ ಉಜ್ಜಿ ಬೆಳ್ಳಗೆ ಮಾಡಿ, 'ಈಗ ನೋಡಿ' ಅಂದರು. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯ ಕಡೆ ಹರಿಯುತ್ತಿತ್ತು. ಬಿಳಿ ಉಕ್ಕಿನ ಮೇಲೆ ಬೆನ್ನಿನ ಕಡೆ ನೀಲಿಯ ಗೆರೆ, ಅದರ ಮುಂದೆ ನೇರಳೆ, ಕಂದು, ಎಲ್ಲಕ್ಕೂ ಮುಂದೆ ಹಳದಿ. ಗೆರೆಗಳು ನಡೆದುಕೊಂಡು ಬರುತ್ತಿದ್ದವು. ಹಳದಿ ಅಂಚಿಗೆ ಮುಟ್ಟಿದ ಕೂಡಲೇ ಇಡೀ ಕತ್ತಿಯನ್ನು ಎಣ್ಣೆಗೆ ಮುಳುಗಿಸಿದರು. ಬಾಯಿ ಗಡಸು, ಬೆನ್ನು ಮೆತ್ತಗೆ. ಬೆನ್ನು ಮೆತ್ತಗಿದ್ದರೇ ಏಟಿಗೆ ಕತ್ತಿ ತುಂಡಾಗುವುದಿಲ್ಲ. ಇಷ್ಟಕ್ಕೆ ತೆಗೆದುಕೊಂಡದ್ದು 200 ರೂಪಾಯಿ. ಕತ್ತಿಯ ಅಗಲ ಸ್ವಲ್ಪ ಕಡಿಮೆಯಾಯಿತು. ಕೆಲಸದಲ್ಲಿ ಏನೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಹಿಡಿಗೆ ಈಗ ತಾಮ್ರದ ಬಳೆ ಹಾಕಿದ್ದಾರೆ. ಆದರೂ ಬೇಸಿಗೆಯಲ್ಲಿ ಸಡಿಲಾಗುತ್ತದೆ, ಮೊದಲಿನಷ್ಟಲ್ಲ.

ನಾನು ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಹಿಡಿಯ ಕತ್ತಿ ಒಂದಿದೆ. ಹಿಡಿ ಅಲ್ಲಾಡುವುದಿಲ್ಲ, ತುಕ್ಕು ಕಡಿಮೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬಾಯಿ ಮುಕ್ಕಾದ ದಿನ ಅದರ ಆಯಸ್ಸು ಮುಗಿಯಿತು. ಅದನ್ನು ಮಾಡಿದವರು ಎಲ್ಲಿದ್ದಾರೋ. ನನ್ನ ಕತ್ತಿ ಮಾಡಿದವರಿಗೆ ನನ್ನ ಮಣಿಕಟ್ಟು ಗೊತ್ತು.

ದೊಡ್ಡ ತೊಂದರೆ ಕಾಯುವುದು. ಹೊಸ ಕತ್ತಿ ಬೇಕೆಂದರೆ ತಿಂಗಳುಗಟ್ಟಲೆ. ಕಾರಣ ಸೋಮಾರಿತನ ಅಲ್ಲ. ದಪ್ಪ ಸ್ಪ್ರಿಂಗ್ ಪಟ್ಟಿಯನ್ನು ಒಬ್ಬರೇ ಎಳೆಯಲಿಕ್ಕೆ ಆಗುವುದಿಲ್ಲ. ಒಬ್ಬರು ಇಕ್ಕಳ ಹಿಡಿದು ತಿರುಗಿಸಬೇಕು, ಇನ್ನೊಬ್ಬರು ಎದುರು ನಿಂತು ಚಮ್ಮಟಿಗೆ ಹೊಡೆಯಬೇಕು. ಆ ಎರಡನೇ ಜನ ಈಗ ಸಿಗುತ್ತಿಲ್ಲ. ಆಚಾರಿಯ ಹೆಂಡತಿ ಬಿಡುವಾದಾಗ ಹೊಡೆದುಕೊಡುತ್ತಾರೆ, ಇಲ್ಲವಾದರೆ ತಮ್ಮನ ಮಗ ಭಾನುವಾರ ಬರುತ್ತಾನೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿ ಕೊಡುತ್ತಾರೆ. ಒಳ್ಳೆಯದೇ. ಆದರೆ ಚಮ್ಮಟಿಗೆ ಹೊಡೆಯುವ ಕೈಯನ್ನು ಯಾರು ಕೊಡುತ್ತಾರೆ? ನಾವು ಗಿರಾಕಿಗಳು ವರ್ಷವಿಡೀ ಕೆಲಸ ಕೊಟ್ಟರೆ ಆ ಹುಡುಗ ಭಾನುವಾರದ ಬದಲು ದಿನಾ ಬಂದಾನು ಅಂತ ನನ್ನ ಆಸೆ.

ಆಚಾರಿಯ ಹೆಸರು, ಊರು ಇಲ್ಲಿ ಹಾಕುವುದಿಲ್ಲ. ಈಗ ಇರುವ ಕೆಲಸವೇ ಅವರಿಗೆ ಜಾಸ್ತಿ. ನಿಮ್ಮ ಊರಿನ ಹತ್ತಿರ ಕುಲುಮೆ ಇನ್ನೂ ಉರಿಯುತ್ತಿದ್ದರೆ ಅಲ್ಲಿಗೇ ಹೋಗಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಪೇಟೆಯಲ್ಲಿ ಕೊಳ್ಳುವುದಾದರೆ ಕತ್ತಿಯ ಬೆನ್ನನ್ನು ಉಗುರಿನಿಂದ ಮೀಟಿ ನೋಡಿ. ಒಳಗೆ ಬಿರುಕು ಇದ್ದರೆ ಸದ್ದು ಡಬ್ ಅನ್ನುತ್ತದೆ, ಸರಿ ಇದ್ದರೆ ಠಣ್ ಅಂತ ಸ್ವಲ್ಪ ಹೊತ್ತು ಉಳಿಯುತ್ತದೆ. ಎಡಚರಾಗಿದ್ದರೆ ಅದನ್ನು ಮೊದಲೇ ಹೇಳಿ. ಕತ್ತಿ ಸಿಕ್ಕಿಸುವ ಸೊಂಟದ ಕತ್ತಿಕೊಕ್ಕೆಯನ್ನೂ ಎಡಗೈಗೆ ಹೊಂದುವ ಹಾಗೆ ಮಾಡಿಸಿಕೊಳ್ಳಿ, ಎಡಗೈ ಬೆನ್ನ ಹಿಂದೆ ಹೋದಾಗ ಹಿಡಿ ಸಿಗಬೇಕು. ಮಾಡಿಸುವುದಾದರೆ ಮಳೆ ಮುಗಿಯುವುದಕ್ಕೆ ಮೊದಲು ಹೇಳಿಬಿಡಿ. ಅಡಿಕೆ ಕೊನೆ ಕೊಯ್ಲು ಹತ್ತಿರ ಬಂದರೆ ಎಲ್ಲರ ಕತ್ತಿಯೂ ಒಟ್ಟಿಗೇ ಬರುತ್ತದೆ, ಆಮೇಲೆ ಸಂಕ್ರಾಂತಿಯವರೆಗೆ ಹೊಸದು ಯಾವುದೂ ಆಗುವುದಿಲ್ಲ. ನಾನು ಈ ಸಲ ಹುಲ್ಲು ಕೊಯ್ಯುವ ಕುಡುಗೋಲು ಒಂದನ್ನು ಹೇಳಿ ಬಂದಿದ್ದೇನೆ, ಎಡಗೈಯದ್ದೇ. ಅಳತೆಯ ಕಡ್ಡಿ ಅವರ ಮಾಡಿನಲ್ಲಿ ಇನ್ನೂ ಇದೆಯಂತೆ.