ಮಿಗ್-21 ಮಾಡೆಲ್ ಮಾಡಿಸೋಕೆ ದುಡ್ಡು ಕೊಡುವ ಮುಂಚೆ, ಪ್ರೈಮರ್ ಹೊಡೆಯದ ಫೋಟೋ ಕೇಳಿ

ಹೆಸರು ಹಾಕಲ್ಲ. ಹಾಕಬೇಕು ಅಂತ ಕೈ ತುರಿಸುತ್ತಿದೆ, ಆದರೂ ಹಾಕಲ್ಲ. ದಾವಣಗೆರೆಯವನೇ, ಮಾಡೆಲ್ ಕಟ್ಟಿಕೊಡುತ್ತೇನೆ ಅಂತ ಆರ್ಡರ್ ತಗೊಳ್ಳುತ್ತಾನೆ. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ಕೊನೇ ಬಾರಿ ಹಾರಿ ವಾಯುಸೇನೆಯಿಂದ ನಿವೃತ್ತಿಯಾಯಿತಲ್ಲ, ಆಮೇಲೆ ಎಲ್ಲರಿಗೂ ಅದರದ್ದೊಂದು ಮಾಡೆಲ್ ಬೇಕು. ಇಂಥವರಿಗೆ ಅದೇ ಸುಗ್ಗಿ. ನನ್ನ ಥರ ಇನ್ನೊಬ್ಬರು ಬೀಳಬಾರದು ಅಂತ ಬರೆಯುತ್ತಿದ್ದೇನೆ.

ಮಾತು ಏನಾಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. 1/48 ಅಳತೆಯ (ಅಸಲಿಗಿಂತ 48 ಪಟ್ಟು ಚಿಕ್ಕದು) ಮಿಗ್-21 ಬಿಸ್ ಕಿಟ್ ನನ್ನದು, ಬಿಸ್ ಅಂದರೆ ಮಿಗ್-21ರ ಒಂದು ಮಾದರಿ, ಒಳ್ಳೆ ಕಂಪನಿಯದ್ದು, ಸೀಲ್ ಒಡೆಯದ ಡಬ್ಬಿ. ಅದನ್ನು ನಮ್ಮ ವಾಯುಸೇನೆಯ ಬೈಸನ್, ಅಂದರೆ ಬಿಸ್ ಅನ್ನೇ ಆಧುನೀಕರಿಸಿದ ಮಾದರಿ, ಮಾಡಿಕೊಡಬೇಕು. ಮಜೂರಿ 14,000 ರೂಪಾಯಿ, ಮುಂಗಡ 8,000. ವಾಟ್ಸಾಪ್‌ನಲ್ಲಿ ನಾಲ್ಕು ಕೆಲಸ ಬಿಡಿಸಿ ಬರೆದಿದ್ದೆ. ಮುಂದಿನ ಗಾಜು ಹೊಸದಾಗಿ ಮಾಡಬೇಕು, ಯಾಕೆಂದರೆ ಬಿಸ್‌ನ ಗಾಜಿಗೆ ಚೌಕಟ್ಟಿದೆ, ಬೈಸನ್‌ದು ಚೌಕಟ್ಟಿಲ್ಲದ ಒಂದೇ ತುಂಡು. ರೆಕ್ಕೆ ಬುಡದ ಮೇಲಿನ ಫ್ಲೇರ್ ಪೆಟ್ಟಿಗೆಗಳನ್ನು (ಶತ್ರು ಕ್ಷಿಪಣಿಯ ದಾರಿ ತಪ್ಪಿಸುವ ಉರಿ ಗುಂಡುಗಳ ಡಬ್ಬಿ) ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಬೇಕು. ಪಿಟೋ ಕೊಳವೆ (ವೇಗ ಅಳೆಯೋಕೆ ಮೂತಿಯಿಂದ ಮುಂದೆ ಚಾಚಿದ ಕಡ್ಡಿ) ಇಂಜೆಕ್ಷನ್ ಸೂಜಿಯಿಂದ ಆಗಬೇಕು. ರೌಂಡೆಲ್ (ವಾಯುಸೇನೆಯ ಕೇಸರಿ-ಬಿಳಿ-ಹಸಿರು ವೃತ್ತದ ಗುರುತು), ನಂಬರ್ ಎಲ್ಲ ಮಾಸ್ಕ್ (ಬೇಡದ ಜಾಗ ಮುಚ್ಚುವ ಟೇಪ್) ಕತ್ತರಿಸಿ ಏರ್‌ಬ್ರಷ್‌ನಲ್ಲಿ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್) ಹೊಡೆಯಬೇಕು, ಸ್ಟಿಕ್ಕರ್ ಬೇಡ. ನಾಲ್ಕಕ್ಕೂ "ಆಯ್ತಣ್ಣ" ಅಂತ ಉತ್ತರ. ಮೆಸೇಜ್ ಇವತ್ತಿಗೂ ನನ್ನ ಹತ್ತಿರ ಇದೆ.

ನಾಲ್ಕರಲ್ಲಿ ಒಂದೂ ಆಗಿಲ್ಲ. ಒಂದೂ.

ನಡುವೆ ಅವನು ಕಳಿಸಿದ್ದು ಬರೀ ಬಣ್ಣ ಹೊಡೆದ ಮೇಲಿನ ಫೋಟೋಗಳು. ಚೆನ್ನಾಗೇ ಕಾಣುತ್ತಿತ್ತು. ಇಲ್ಲೇ ನಾನು ಎಡವಿದ್ದು, ಬರೆಯೋಕೂ ನಾಚಿಕೆ ಆಗುತ್ತೆ. ಈ ಕೆಲಸ ಗೊತ್ತಿರೋ ಯಾರಾದರೂ ಮೊದಲು ಕೇಳುವುದು ಪ್ರೈಮರ್‌ಗೆ, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಮೊದಲ ಕೋಟ್‌ಗೆ, ಮುಂಚಿನ ಫೋಟೋ. ಕಿಟ್ ಪ್ಲಾಸ್ಟಿಕ್ ಬೂದು ಬಣ್ಣ. ಕೈಯಿಂದ ಕಟ್ಟಿದ ಭಾಗ ಬಿಳಿ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ. ಪುಟ್ಟಿ ಇನ್ನೊಂದು ಬಣ್ಣ. ಬರೀ ಮೈಯಲ್ಲಿ ಯಾವುದು ಕಿಟ್‌ದು, ಯಾವುದು ಹೊಸದು, ಎಲ್ಲಿ ತೇಪೆ ಹಾಕಿದ್ದಾನೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತೆ. ಮೇಲೆ ಒಂದು ಕೋಟ್ ಪ್ರೈಮರ್ ಬಿತ್ತೋ, ಎಂ-ಸೀಲ್ ಉಂಡೆಗೂ ಮೂರು ದಿನ ಕೂತು ಕಟ್ಟಿದ ಪೆಟ್ಟಿಗೆಗೂ ಫೋಟೋದಲ್ಲಿ ವ್ಯತ್ಯಾಸ ಇಲ್ಲ. ಇದು ನನಗೆ ಗೊತ್ತು. ಗೊತ್ತಿದ್ದೂ ಕೇಳಲಿಲ್ಲ.

ಮಾಡೆಲ್ ಮುಗಿಸಿ ಅವನು ನನ್ನ ಕೈಗೆ ಕೊಟ್ಟಿದ್ದು ಸಂಜೆ ಏಳೂವರೆಗೆ, ಜಯದೇವ ವೃತ್ತದ ಹತ್ತಿರ, ರಸ್ತೆ ದೀಪದ ಕೆಳಗೆ. ಹಗಲಲ್ಲಿ ಬರುತ್ತೇನೆ ಅಂದರೆ "ಇಲ್ಲಣ್ಣ, ಡ್ಯೂಟಿ ಇರತೈತಿ" ಅಂದ. ಬಬಲ್ ರ‍್ಯಾಪ್ ಸುತ್ತಿ ಶೂ ಡಬ್ಬಿಯಲ್ಲಿ ಇಟ್ಟಿದ್ದ. "ಪೂರ್ತಿ ಬಿಚ್ಚಬ್ಯಾಡ್ರಿ, ಪಿಟೋ ಮುರಿತೈತಿ" ಅಂದ. ಹಳದಿ ಬೆಳಕಿನಲ್ಲಿ ಮೇಲೆ ಮೇಲೆ ನೋಡಿದೆ, ಬಾಕಿ 6,000 ಅಲ್ಲೇ ಫೋನ್‌ನಲ್ಲಿ ಹಾಕಿದೆ. ಹಳದಿ ಬೆಳಕಿನಲ್ಲಿ ಬಿಳಿಯೂ ಹಳದಿ, ಕೇಸರಿಯೂ ಹಳದಿ. ಬಣ್ಣದ ಕೆಲಸ ನೋಡೋಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ, ಅದು ಅವನಿಗೂ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಕಿಟಕಿ ಬೆಳಕಿಗೆ ಹಿಡಿದೆ. ರೌಂಡೆಲ್‌ನ ನಡುವಿನ ಉಂಗುರ ಬಿಳಿ ಇರಬೇಕಲ್ಲ, ಬೂದು! ಅಂದರೆ ವಿಮಾನದ ಮೈ ಬಣ್ಣವೇ ಕೆಳಗಿಂದ ಕಾಣುತ್ತಿದೆ. ಮನೆಯ ಇಂಕ್‌ಜೆಟ್ ಪ್ರಿಂಟರ್‌ಗೆ ಬಿಳಿ ಶಾಯಿ ಇರಲ್ಲ. ಪಾರದರ್ಶಕ ಹಾಳೆಯ ಮೇಲೆ ಬಿಳಿ ಅಂತ ಕೊಟ್ಟ ಜಾಗವನ್ನು ಅದು ಖಾಲಿ ಬಿಡುತ್ತೆ. ಎದೆ ಧಸಕ್ಕೆಂದಿತು. ಇಲ್ಲ, ಬಿಳಿ ತೆಳುವಾಗಿ ಬಿದ್ದಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ರೆಕ್ಕೆ ಮೇಲೆ ಧೂಳಿತ್ತು. ಹತ್ತಿ ಒದ್ದೆ ಮಾಡಿ ರೌಂಡೆಲ್ ಮೇಲೆ ಮೆಲ್ಲಗೆ ಒಂದೇ ಸಲ ಎಳೆದೆ. ಹತ್ತಿ ಕೇಸರಿ ಆಯಿತು. ಹೊರಗಿನ ಕೇಸರಿ ಉಂಗುರ ಕರಗಿ ನಡುವಿನ ಉಂಗುರಕ್ಕೆ ಇಳಿಯಿತು, ಅದರ ಹಿಂದೆಯೇ ಒಳಗಿನ ಹಸಿರು ಅಂಚು ಒಡೆಯಿತು. ಓರೆ ಬೆಳಕಿಗೆ ಹಿಡಿದರೆ ರೌಂಡೆಲ್ ಸುತ್ತ ಚೌಕಾಕಾರದ ತೆಳು ಪೊರೆಯ ಅಂಚು, ಒಳಗೆ ಬೆಳ್ಳಿ ಥರ ಮಿನುಗುವ ಗಾಳಿ ಗುಳ್ಳೆ. ಮಾಸ್ಕ್ ಇಲ್ಲ, ಏರ್‌ಬ್ರಷ್ ಇಲ್ಲ. ಮನೆ ಪ್ರಿಂಟರ್‌ನಲ್ಲಿ ತೆಗೆದು, ವಾರ್ನಿಶ್ ಕೂಡ ಹೊಡೆಯದೆ ಅಂಟಿಸಿದ ಸ್ಟಿಕ್ಕರ್.

ಆ ಹತ್ತಿಯ ಫೋಟೋ ಕಳಿಸಿದೆ. ಉತ್ತರ ಬಂದಿದ್ದು ಮಧ್ಯಾಹ್ನ: "ನೀರ ಹಚ್ಚಿದ್ರ ಯಾವ ಪೇಂಟಾದ್ರೂ ಬಿಡತೈತಿ ಅಣ್ಣ."

ಬಿಡಲ್ಲ. ಒಣಗಿದ ಅಕ್ರಿಲಿಕ್ ಆಗಲಿ, ಲ್ಯಾಕರ್ ಆಗಲಿ, ಎನಾಮೆಲ್ ಆಗಲಿ ಒದ್ದೆ ಹತ್ತಿಗೆ ಬಿಡಲ್ಲ. ಬಿಡುವುದು ಇಂಕ್‌ಜೆಟ್ ಶಾಯಿ.

ಉಳಿದಿದ್ದು ಎರಡು ದಿನದಲ್ಲಿ ತಾನೇ ಬಯಲಾಯಿತು. ಮಾಡೆಲ್ ಹೋಗಬೇಕಿದ್ದದ್ದು ಚಿತ್ರದುರ್ಗದ ಒಬ್ಬ ಹಿರಿಯರಿಗೆ, ವಾಯುಸೇನೆಯಲ್ಲಿ ಮಿಗ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಮಾತು ಕೊಟ್ಟಾಗಿತ್ತು, ರೌಂಡೆಲ್ ಆಮೇಲೆ ಸರಿ ಮಾಡಿದರಾಯಿತು ಅಂತ ಹೊರಟೆ. ಅರವತ್ತು ಕಿಲೋಮೀಟರ್ ದಾರಿ, ಡಬ್ಬಿ ಕಾರಿನ ಮುಂದಿನ ಗಾಜಿನ ಹತ್ತಿರ. ನಡುವೆ ಊಟಕ್ಕೆ ಅಂತ ಬಿಸಿಲಲ್ಲಿ ಕಾರು ನಿಂತಿತು. ಬಂದು ನೋಡಿದರೆ ರೆಕ್ಕೆ ಕೆಳಗಿನ ಆರ್-73 ಕ್ಷಿಪಣಿಗಳು ಬಾಡಿದ ಹುರುಳಿಕಾಯಿ ಥರ ಬಗ್ಗಿವೆ. ಕಿಟ್‌ನ ಸ್ಟೈರೀನ್ ಆಗಿದ್ದರೆ ಅಷ್ಟಕ್ಕೆ ಬಗ್ಗಲ್ಲ, ಅದು ಮೆತ್ತಗಾಗೋಕೆ ನೂರು ಡಿಗ್ರಿ ಹತ್ತಿರ ಹೋಗಬೇಕು. ಅರವತ್ತು ಡಿಗ್ರಿ ಸುಮಾರಿಗೆ ಸೋಲುವುದು ಪಿಎಲ್‌ಎ, ತ್ರೀಡಿ ಪ್ರಿಂಟರ್‌ನ ಅಗ್ಗದ ತಂತಿ. ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ನಮ್ಮ ಕಡೆ ಬೇಸಿಗೆಯಲ್ಲಿ ಅದನ್ನು ಸುಲಭವಾಗಿ ಮುಟ್ಟುತ್ತೆ.

ಅನುಮಾನ ಬಂದು ಫ್ಲೇರ್ ಪೆಟ್ಟಿಗೆಗೆ ಉಗುರು ಹಾಕಿದೆ. ಮೇಲಿನ ಬಣ್ಣದ ಸಿಪ್ಪೆ ಸಮೇತ ಟಪ್ ಅಂತ ಎದ್ದು ಬಂತು. ಕೆಳಗೆ ಸೂಪರ್ ಗ್ಲೂನ ಒಂದು ತೊಟ್ಟು, ಪಕ್ಕದಲ್ಲಿ ಪದರ ಪದರ ಗೆರೆ. ಒಂದೊಂದು ಪದರ 0.2 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ, 48ರಿಂದ ಗುಣಿಸಿದರೆ ನಿಜವಾದ ವಿಮಾನದ ಮೇಲೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಮೆಟ್ಟಿಲು! ಅದನ್ನು ಮುಚ್ಚೋಕೆ ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿಯಿಂದ ದಪ್ಪಗೆ ಬಳಿದಿದ್ದಾನೆ. ಕಿಟ್‌ನವರು ಅಷ್ಟು ನಾಜೂಕಾಗಿ ಕೊಟ್ಟ ಪ್ಯಾನೆಲ್ ಗೆರೆ, ರಿವೆಟ್ ಎಲ್ಲ ಅದರಡಿ ಹೂತು ಹೋಗಿವೆ.

ಸೂಜಿಯ ಪಿಟೋ ಅಂದಿದ್ದನಲ್ಲ, ಅದು ದಾರಿಯಲ್ಲೇ ಮುರಿದಿತ್ತು. ಮುರಿದ ತುದಿಯಲ್ಲಿ ನಾರು. ಊದುಬತ್ತಿ ಕಡ್ಡಿ! ಬೆಳ್ಳಿ ಬಣ್ಣ ಬಳಿದ ಊದುಬತ್ತಿ ಕಡ್ಡಿ.

ಆ ಹಿರಿಯರು ಕನ್ನಡಕ ಹಾಕಿಕೊಂಡು ಮೂತಿಯನ್ನು ಬಹಳ ಹೊತ್ತು ನೋಡಿದರು. "ಇದು ಬಿಸ್ ಅಲ್ಲೇನಪ್ಪ? ಪಿಟೋ ನಡುಮಧ್ಯ ಯಾಕೆ ಬಂತು?" ಅಂದರು. ಹೌದು. ಮಿಗ್-21ರ ಹಳೇ ಮಾದರಿ ಟೈಪ್ 77ರಲ್ಲಿ ಅದು ಮೂತಿಯ ಮೇಲೆ ನಡುವೆ. ಬಿಸ್‌ನಲ್ಲಿ ನಡುವಿನಿಂದ ಬಲಕ್ಕೆ ಸರಿದಿರುತ್ತೆ. ಕಿಟ್‌ನಲ್ಲಿ ಸರಿಯಾದ ಜಾಗವೇ ಇತ್ತು. ಇವನು ಕಿಟ್‌ನ ಪಿಟೋ ಮುರಿದುಕೊಂಡು, ಜಾಗ ಮುಚ್ಚಿ, ನಡುವೆ ತೂತು ಹೊಡೆದಿದ್ದಾನೆ. ಅವರು ಬೇರೇನೂ ಅನ್ನಲಿಲ್ಲ, ಮಾಡೆಲ್ ಮೆಲ್ಲಗೆ ಮೇಜಿನ ಮೇಲಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸ್ ಬಂದು ಫೋನ್ ಮಾಡಿದೆ. ಅವನ ಉತ್ತರಗಳು, ಇದ್ದ ಹಾಗೇ:

"ಮೂರಡಿ ದೂರದಿಂದ ನೋಡ್ರಿ, ಏನೂ ಗೊತ್ತಾಗಲ್ಲ."

"ಪಿಟೋ ಅಂದ್ರ ಪಿಟೋ, ಒಂದು ಎಳ್ಳಷ್ಟು ಆ ಕಡೆ ಈ ಕಡೆ ಆದ್ರ ಏನಾಯ್ತು?"

"ಸ್ಕ್ರ್ಯಾಚ್ ಬಿಲ್ಡ್ ಅಂದ್ರ ಕಿಟ್‌ನ್ಯಾಗ ಇಲ್ದಿದ್ದು ಹಾಕೋದು. ಹಾಕೀನಲ್ಲ."

ಈ ಕೊನೇದು ಕೇಳಿ ಮೈ ಉರಿದುಹೋಯಿತು. ಕಿಟ್‌ನಲ್ಲಿ ಇಲ್ಲದ್ದು ಹಾಕುವುದಲ್ಲ, ಹಾಳೆ, ಕಡ್ಡಿ, ಕೊಳವೆಯಿಂದ ಅಳತೆಗೆ ಸರಿಯಾಗಿ ಕಟ್ಟುವುದು. ಯಾರೋ ಹಾಕಿದ ಫೈಲ್ ಇಳಿಸಿಕೊಂಡು ಪ್ರಿಂಟ್ ಕೊಡುವುದು ಬೇರೆ ಕೆಲಸ, ಅದಕ್ಕೆ ಬೇರೆ ರೇಟು. ರೆಸಿನ್ ಪ್ರಿಂಟ್ ಮಾಡಿ "ಇದು ಪ್ರಿಂಟ್" ಅಂತ ಹೇಳಿ ಕೊಟ್ಟಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಮಾಡುವ ಕ್ರಮ ಗೊತ್ತಿದ್ದರೆ ಮೋಸ ಬೇಗ ಕಣ್ಣಿಗೆ ಬೀಳುತ್ತೆ, ಅದಕ್ಕೇ ಬರೆಯುತ್ತೇನೆ. ರೌಂಡೆಲ್‌ಗೆ ಒಂದೇ ಕೇಂದ್ರದಿಂದ ಸರ್ಕಲ್ ಕಟರ್‌ನಲ್ಲಿ ಮಾಸ್ಕಿಂಗ್ ಟೇಪ್ ಮೇಲೆ ಮೂರು ವೃತ್ತ ಕತ್ತರಿಸಬೇಕು. ಹೊರಗಿನ ಮಾಸ್ಕ್ ಅಂಟಿಸಿ ಇಡೀ ವೃತ್ತಕ್ಕೆ ಮೊದಲು ಬಿಳಿ. ಬಿಳಿ ಯಾವಾಗಲೂ ಮೊದಲು, ಅದೂ ಎರಡು ಮೂರು ತೆಳು ಕೋಟ್. ಬೂದು ಮೈ ಮೇಲೆ ನೇರ ಕೇಸರಿ ಹೊಡೆದರೆ ಇಟ್ಟಿಗೆ ಬಣ್ಣ ಬರುತ್ತೆ. ಬಿಳಿ ಒಣಗಿದ ಮೇಲೆ ಉಂಗುರದ ಮಾಸ್ಕನ್ನೂ ನಡುವಿನ ಬಿಲ್ಲೆಯನ್ನೂ ಕೂರಿಸಿ ಹೊರಗಿನ ಸುತ್ತಿಗೆ ಕೇಸರಿ. ಆಮೇಲೆ ಕೇಸರಿ ಮುಚ್ಚಿ, ಬಿಲ್ಲೆ ತೆಗೆದು ನಡುವೆ ಹಸಿರು. ಪ್ರತಿ ಸಲ ಟೇಪಿನ ಅಂಚಿಗೆ ಮೊದಲು ಕೆಳಗಿರುವ ಬಣ್ಣವನ್ನೇ ಒಂದು ಮಂಜು ಹೊಡೆದರೆ ಅಂಚಿನ ಸಂದಿ ಮುಚ್ಚಿಕೊಳ್ಳುತ್ತೆ, ಹೊಸ ಬಣ್ಣ ಒಳಗೆ ನುಸುಳಲ್ಲ. ಏರ್‌ಬ್ರಷ್‌ಗೆ 0.3 ಮಿಲಿಮೀಟರ್ ನಾಜಲ್, ಗಾಳಿಯ ಒತ್ತಡ 15 ಪಿಎಸ್‌ಐ ಹತ್ತಿರ, ಬಣ್ಣ ಹಾಲಿನಷ್ಟು ತೆಳು. ನಮ್ಮ ಒಣ ಬಿಸಿಲಿಗೆ ಅಕ್ರಿಲಿಕ್ ಏರ್‌ಬ್ರಷ್‌ನ ಸೂಜಿ ತುದಿಯಲ್ಲೇ ಒಣಗಿ ಉಗುಳುತ್ತೆ, ಅದಕ್ಕೆ ರಿಟಾರ್ಡರ್ (ಬೇಗ ಒಣಗದ ಹಾಗೆ ಮಾಡುವ ದ್ರವ) ಎರಡು ಹನಿ ಹಾಕಿ ಬೆಳಿಗ್ಗೆ ಒಂಬತ್ತರೊಳಗೆ ಹೊಡೆದು ಮುಗಿಸಬೇಕು. ಹೀಗೆ ಹೊಡೆದ ಗುರುತಿನ ಮೇಲೆ ಬೆರಳಾಡಿಸಿದರೆ ಬಣ್ಣದ ದಪ್ಪ ಬಣ್ಣದ ಅಂಚಿನಲ್ಲೇ ಸಿಗುತ್ತೆ, ಅದರಾಚೆ ಪೊರೆ ಇರಲ್ಲ. ಬೈಸನ್ ನಂಬರಿನ ಮೊದಲಿನ "ಸಿಯು" ಅಕ್ಷರಗಳ ಸುತ್ತ ಪೊರೆ ಕಂಡರೆ ಅದು ಸ್ಟಿಕ್ಕರೇ.

ಪಿಟೋಗೆ 21 ಗೇಜ್ ಸೂಜಿ, ಹೊರ ವ್ಯಾಸ 0.8 ಮಿಲಿಮೀಟರ್. ಅದರೊಳಗೆ 26 ಗೇಜ್ ಸೂಜಿ ಸರಿಯಾಗಿ ಕೂರುತ್ತೆ, ಎರಡು ಹಂತದ ಕೊಳವೆ ಆಯಿತು. ಮೆಡಿಕಲ್ ಅಂಗಡಿಯಲ್ಲಿ ಎರಡೂ ಸೇರಿ ಹತ್ತು ಹದಿನೈದು ರೂಪಾಯಿ. ಕಟರ್‌ನಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತೆ. ಸೂಜಿಯನ್ನು ಉರುಳಿಸುತ್ತಾ ಅರದಿಂದ ಸುತ್ತ ಗೆರೆ ಹಾಕಿ ಮುರಿಯಬೇಕು. ಹತ್ತು ರೂಪಾಯಿಯ ಈ ಕೆಲಸಕ್ಕೂ ಊದುಬತ್ತಿ ಕಡ್ಡಿ ಹಾಕಿದ ಅನ್ನುವುದೇ ನನಗೆ ಇನ್ನೂ ನುಂಗೋಕೆ ಆಗುತ್ತಿಲ್ಲ.

ಫ್ಲೇರ್ ಪೆಟ್ಟಿಗೆಗೆ 0.5 ಮಿಲಿಮೀಟರ್ ಸ್ಟೈರೀನ್ ಹಾಳೆ. ಎರಡು ಹಾಳೆಯನ್ನು ಡಬಲ್ ಟೇಪಿನಿಂದ ಜೋಡಿಸಿ ಒಟ್ಟಿಗೆ ಕತ್ತರಿಸಿದರೆ ಎಡ ಬಲ ಒಂದೇ ಅಳತೆ. ತೆಳು ಸಿಮೆಂಟ್ (ಪ್ಲಾಸ್ಟಿಕ್ ಮಾಡೆಲ್‌ನ ಅಂಟು) ಸಂದಿಗೆ ಮುಟ್ಟಿಸಿದರೆ ತಾನೇ ಒಳಗೆ ಹರಿದು ಪ್ಲಾಸ್ಟಿಕ್ ಕರಗಿಸಿ ಬೆಸೆಯುತ್ತೆ. ಹಾಗೆ ಬೆಸೆದದ್ದು ಉಗುರಿಗೆ ಏಳಲ್ಲ. ಪಿಎಲ್‌ಎಗೆ ಆ ಸಿಮೆಂಟ್ ಹಿಡಿಯುವುದೇ ಇಲ್ಲ.

ಗಾಜಿನ ಕಥೆ ಹೇಳಲೇ ಇಲ್ಲ. ಸರಿಯಾದ ದಾರಿ ಅಂದರೆ ಅಚ್ಚು ಕೆತ್ತಿ, 0.5 ಮಿಲಿಮೀಟರ್ ಪೆಟ್‌ಜಿ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಜೋಲುವಷ್ಟು ಕಾಯಿಸಿ ಅಚ್ಚಿನ ಮೇಲೆ ಎಳೆಯಬೇಕು. ಇವನು ಕಿಟ್ ಗಾಜಿನ ಚೌಕಟ್ಟಿನ ಗೆರೆಗಳನ್ನು ಮರಳು ಕಾಗದದಲ್ಲಿ ಉಜ್ಜಿದ್ದಾನೆ ಅಷ್ಟೇ. ಗೆರೆ ಹೋಗಿದೆ, ಮುಂದಿನ ಚಪ್ಪಟೆ ಮುಖ ಹಾಗೇ ಇದೆ. ಅಂಟಿಸಿದ್ದು ಸೂಪರ್ ಗ್ಲೂನಲ್ಲಿ, ಅದರ ಆವಿಗೆ ಒಳಗೆಲ್ಲ ಬಿಳಿ ಮಂಜು. ಗಾಜಿಗೆ ಬಿಳಿ ಫೆವಿಕಾಲ್ ಹಚ್ಚಬೇಕು ಅನ್ನುವುದು ಹೊಸಬರಿಗೂ ಗೊತ್ತಿರುತ್ತೆ. ಅದಕ್ಕೆ ಅವನ ಉತ್ತರ, "ಎತ್ತರದಾಗ ಹಾರಿದ್ರ ಗಾಜಿನ ಮ್ಯಾಲ ಮಂಜು ಹಿಡಿತೈತಲ್ಲಣ್ಣ, ಅದು ಎಫೆಕ್ಟ್." ಮುಖದ ಮೇಲೆ ಹೇಳಿದ ಇದನ್ನ. ಯಾವ ಬಾಯಲ್ಲಿ ಹೇಳಿದನೋ.

ಆರ್ಡರ್ ಕೊಡಲೇಬೇಕು ಅಂದರೆ ಬರೀ ಮೈಯ ಫೋಟೋ ಬರುವ ತನಕ ಎರಡನೇ ಕಂತು ಕೊಡಬೇಡಿ, ಫೋಟೋದಲ್ಲಿ ಇವತ್ತಿನ ಪೇಪರ್ ಪಕ್ಕದಲ್ಲಿ ಇರಲಿ. ಹಗಲಲ್ಲೇ ತಗೊಳ್ಳಿ, ಒದ್ದೆ ಹತ್ತಿ ಜೊತೆಗಿರಲಿ, ರೌಂಡೆಲ್ ಒರೆಸಿ ನೋಡಿಯೇ ಬಾಕಿ ಕೊಡಿ. ಒರೆಸಬೇಡಿ ಅಂದರೆ ಎದ್ದು ಬನ್ನಿ. ಉಳಿದ ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು), ಡೆಕಾಲ್ ಹಾಳೆ (ಕಿಟ್ ಜೊತೆ ಬರುವ ಗುರುತುಗಳ ಹಾಳೆ), ಡಬ್ಬಿ ಎಲ್ಲ ವಾಪಸ್ ಅಂತ ಮೊದಲೇ ಬರೆಸಿಕೊಳ್ಳಿ. ಸ್ಪ್ರೂ ನೋಡಿದರೆ ಕಿಟ್‌ನ ಯಾವ ಭಾಗ ಬಳಸಿದ, ಯಾವುದು ಉಳಿಯಿತು ಅಂತ ಲೆಕ್ಕ ಸಿಗುತ್ತೆ. ಗ್ರಾಹಕ ಸಹಾಯವಾಣಿ 1915 ಇದೆ, ದೂರು ಕೊಡೋಕೆ ಮೆಸೇಜ್, ಹಣ ಹಾಕಿದ ದಾಖಲೆ ಎರಡೂ ಇಟ್ಟುಕೊಂಡಿರಿ.

ನನ್ನದನ್ನು ಈಗ ಬಿಚ್ಚುತ್ತಿದ್ದೇನೆ. ಸ್ಪ್ರೇ ಡಬ್ಬಿಯ ಬಣ್ಣ ಐಸೋಪ್ರೊಪೈಲ್‌ಗೆ ಅಲ್ಲಲ್ಲಿ ಮಾತ್ರ ಏಳುತ್ತಿದೆ. ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ಕೇ ಕರಗುತ್ತೆ, ಹಾಗಾಗಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜುತ್ತಾ ಇದ್ದೇನೆ. ರಿವೆಟ್ ಅರ್ಧಕ್ಕರ್ಧ ಸಿಕ್ಕಿವೆ. ಕಿಟ್‌ನ ಅಸಲಿ ಕ್ಷಿಪಣಿ, ಡೆಕಾಲ್ ಹಾಳೆ, ಉಳಿದ ಸ್ಪ್ರೂ ಕೊಡು ಅಂತ ಕೇಳಿ ಹನ್ನೆರಡು ದಿನ ಆಯಿತು. "ಈ ವಾರ ಕಳಿಸ್ತೀನಣ್ಣ" ಅಂದ. ಮೊನ್ನೆಯಿಂದ ಮೆಸೇಜ್‌ಗೆ ಒಂದೇ ಟಿಕ್ ಬರುತ್ತಿದೆ.